ಟಾಪು ಕತ್ತರಿಸಿದ ಕಾರು

ನಿಮ್ಮ ಸಣ್ಣಜ್ಜನಿಗೆ ಸಿನಿಮಾದಲ್ಲಿ ಮನುಷ್ಯರು ಕಾಣುವುದೇ ಇಲ್ಲ, ಗೊತ್ತೇನು? ನಾಯಕ ಸತ್ತನೆಂದು ನಾವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಈ ನನ್ನ ಮೈದುನ, "ಹಿಂದಿನ ಟೈರ್ ಸವದದ ನೋಡ್ರಿ ವೈನಿ" ಅನ್ನುತ್ತಾನೆ!

ಹೋದ ಬೇಸಿಗೆಯಲ್ಲಿ ಮೊಬೈಲಿನಲ್ಲಿ ಹಳೆಯ ಸಿನಿಮಾ ನೋಡುತ್ತಿದ್ದವನು ಒಮ್ಮೆಲೇ ಚೀರಿದ. "ವೈನೀ! ಅಣ್ಣನ ಗಾಡಿ!"

ಓಡಿಹೋಗಿ ನೋಡಿದೆ. ಟಾಪಿಲ್ಲದ ಅಂಬಾಸಿಡರ್ ಕಾರು, ಹಿಂದಿನ ಸೀಟಿನಲ್ಲಿ ಮದುಮಕ್ಕಳು.

ನಿಮ್ಮ ಅಜ್ಜ ಆಳಂದದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಮದುವೆ ಮೆರವಣಿಗೆಗೆ ಚೆಂದ ಕಾಣಲೆಂದು ಅದರ ಟಾಪನ್ನೇ ಗರಗಸದಿಂದ ಕತ್ತರಿಸಿ ತೆಗೆದರು! ಕಾರು ಅಲುಗದಂತೆ ತಬ್ಬಿ ಹಿಡಿದವನು ಇದೇ ಮೈದುನ. ಟಾಪು ಹೋದ ಮೇಲೆ ಕಾರಿನ ಮೈ ಸಡಿಲಾಯಿತು. ತಿರುವು ಬಂದರೆ ಸಾಕು, ಹಿಂದಿನ ಎಡ ಬಾಗಿಲು ತಾನಾಗಿ ತೆರೆಯುತ್ತಿತ್ತು. ಮದುಮಗಳು ಉರುಳಿದರೆ ಗತಿ ಏನು? ನನ್ನ ಹಸಿರು ಇಳಕಲ್ ಸೀರೆಯ ಅಂಚು ಹರಿದು ಜಡೆಯಂತೆ ಹೆಣೆದು ಕೊಟ್ಟೆ. ಅದರಿಂದ ಬಾಗಿಲು ಕಟ್ಟಿದರು.

ಸರಸಂಬಾದ ನಮ್ಮ ಬೀಗರೆಲ್ಲ ಅಣ್ಣತಮ್ಮ ಸೇರಿ ಛಲೋ ಗಾಡಿ ಕೆಡಿಸಿದರೆಂದು ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಸೋಲಾಪುರ ಕಡೆಯವರು ಯಾರೋ ಅದನ್ನು ಕೊಂಡುಹೋದರು. ಒಂದು ಫೋಟೋ ಕೂಡ ಉಳಿಯಲಿಲ್ಲ. ನಾನಂತೂ ಅದರಲ್ಲಿ ಒಮ್ಮೆಯೂ ಕೂತವಳಲ್ಲ. ಊರೆಲ್ಲ ನೋಡುತ್ತದೆಂದು ನಾಚಿಕೆ! ನಿಮ್ಮ ಅಜ್ಜ ಇದ್ದಾಗ ಎಷ್ಟೋ ಸಲ ಕರೆದಿದ್ದರು.

ಸಿನಿಮಾದಲ್ಲಿರುವುದು ಅಣ್ಣನ ಗಾಡಿಯೇ ಎಂದು ತೋರಿಸಿ, ನಕ್ಕವರ ಬಾಯಿ ಮುಚ್ಚಿಸಬೇಕೆಂದು ಮೈದುನನ ಹಟ. ಹೆಣೆದ ಪಟ್ಟಿಯೇನೋ ಕಾಣುತ್ತಿತ್ತು. ಆದರೆ ಬಲ ಬಾಗಿಲಿಗೆ! ಸ್ಟಿಯರಿಂಗ್ ನೋಡಿದರೆ ಎಡಕ್ಕೆ! ನಂಬರ್ ನೋಡೋಣವೆಂದರೆ ಅದರ ಮೇಲೆ ಹೂವಿನ ಹಾರ. ಪಟ್ಟಿ ನಮ್ಮದು, ಬಾಗಿಲು ನಮ್ಮದಲ್ಲ. ಇದೆಂಥ ಗೊಂದಲ!

ಅಫಜಲಪುರದ ಮೆಕ್ಯಾನಿಕ್ ಮೊಬೈಲಿನಲ್ಲಿ ನೋಡಿ ಹೇಳಿದನಂತೆ, "ಸ್ಟಿಯರಿಂಗ್ ಎಡಕ್ಕದರಿ ಕಾಕಾ, ಇದು ಫಾರಿನ್ ಗಾಡಿ."

"ಫಾರಿನ್‌ದಾಗ ಇಳಕಲ್ ಸೀರಿ ಉಡ್ತಾರೇನಲೇ?" ಎಂದು ಬೈದು ಬಂದ.

ಮರುದಿನ ಜೇವರ್ಗಿಗೆ ಹೋದ. ಅಲ್ಲಿ ಮದುವೆಗೆ ಕಾರು ಬಾಡಿಗೆ ಕೊಡುವವನೊಬ್ಬ, "ಸಿನಿಮಾದವರು ಸ್ಟಿಯರಿಂಗ್ ಕಿತ್ತಿ ಆ ಕಡಿ ಹಚ್ಚಿರಬೇಕ್ರಿ" ಎಂದ.

"ಯಾಕ?"

"ಹೀರೋ ಎಡಚ ಇದ್ದಿರಬೇಕು!"

ಮೈದುನ ಮನೆಗೆ ಬಂದು ಚಹಾ ಕೂಡ ಮುಟ್ಟಲಿಲ್ಲ. ಅವನ ಸಮಾಧಾನಕ್ಕೆಂದು ಮೊದಲ ಸಲ ಇಡೀ ಸಿನಿಮಾ ನೋಡಲು ಜೊತೆಗೆ ಕೂತೆ. ನಾಯಕಿಗೆ ಬಲಗಡೆ ಸೆರಗು. ನಮ್ಮ ಕಡೆ ಹಿರಿಯ ಹೆಂಗಸರು ಹಾಗೇ ಉಡುವುದು, ನಾನೂ ಹಾಗೇ. ಹುಡುಗಿ ನಮ್ಮ ಕಡೆಯವಳೇ ಎಂದು ಖುಷಿಪಟ್ಟೆ! ಅಷ್ಟರಲ್ಲಿ ಮದುವೆ ಊಟ ಬಂತು. ಇಡೀ ಪಂಕ್ತಿ ಎಡಗೈಯಿಂದ ಹೋಳಿಗೆ ಮುರಿಯುತ್ತಿತ್ತು!

"ಅಯ್ಯ, ಬೀಗರೆಲ್ಲ ಎಡಚರೇನೋ?" ಎಂದೆ.

ಮೈದುನ ಎದ್ದು ನಿಂತ. "ವೈನಿ, ಸಿನಿಮಾನೇ ಎಡಾ-ಬಲಾ ಉಲ್ಟಾ ಹಾಕ್ಯಾರ್ರಿ!"

ಯಾವ ಪುಣ್ಯಾತ್ಮ ಯಾಕೆ ಹಾಗೆ ಹಾಕಿದ್ದನೋ! ಸೆರಗು ನೋಡಿಯೇ ತಿಳಿಯಬೇಕಿತ್ತು. ನನ್ನಂತೆಯೇ ಉಟ್ಟವಳ ಮೇಲೆ ಅನುಮಾನ ಹೇಗೆ ಬಂದೀತು? ಮೈದುನ ಕಪಾಟಿನ ಕನ್ನಡಿಗೆ ಮೊಬೈಲ್ ಹಿಡಿದ. ಕನ್ನಡಿಯೊಳಗೆ ಸ್ಟಿಯರಿಂಗ್ ಬಲಕ್ಕೆ ಬಂತು. ಪಟ್ಟಿ ಹಿಂದಿನ ಎಡ ಬಾಗಿಲಿಗೆ ಬಂತು. ನನ್ನ ಹಸಿರು ಅಂಚು. ಕಾರು ತಿರುವಿನಲ್ಲಿ ವಾಲಿತು, ಬಾಗಿಲು ತೆರೆಯಲಿಲ್ಲ.

"ಅಣ್ಣ ಗಾಡಿ ಕೆಡಿಸಿಲ್ರಿ ವೈನಿ" ಎಂದ.

ಸರಿಯಾಗಿ ನೋಡಲೆಂದು ನಾನು ಬಾಗಿದೆ. ಕನ್ನಡಿಯಲ್ಲಿ ಕಾರಿನ ಪಕ್ಕಕ್ಕೇ ನನ್ನ ಮುಖ ಬಂತು. ಮೈದುನ ಕೈ ಅಲುಗಿಸದೆ ಮೆಲ್ಲಗೆ ಹೇಳಿದ, "ಹಂಗೇ ಇರ್ರಿ. ಈಗ ಕುಂತ್ರಿ ನೋಡ್ರಿ, ಅಣ್ಣನ ಗಾಡ್ಯಾಗ."

ಸುತ್ತ ಯಾರೂ ಇರಲಿಲ್ಲ. ಆದರೂ ತಲೆಯ ಮೇಲೆ ಸೆರಗು ಎಳೆದುಕೊಂಡೆ.