ಮುಂದಿನ ಬೀಗ, ಹಿಂದಿನ ಬೀಗ ಮತ್ತು ನಮ್ಮ ಹಿಪ್ಪುನೇರಳೆ ತೋಟ

ಶಿಡ್ಲಘಟ್ಟ ತಾಲ್ಲೂಕು, ೧೯೬೩

ಸರ್ಕಾರಿ ಜೀಪಿನ ಮುಂದಿನ ಅಚ್ಚಿನಲ್ಲೊಬ್ಬರು, ಹಿಂದಿನ ಅಚ್ಚಿನಲ್ಲೊಬ್ಬರು ಬಿಜಯಂಗೈದಿರುವ ಡಿಫರೆನ್ಷಿಯಲ್ ಲಾಕರ್ ಸಹೋದರರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವಿಬ್ಬರೂ ಕಾಲಕಾಲಕ್ಕೆ ಎಣ್ಣೆ ಕಂಡು ಸುಖವಾಗಿದ್ದೀರೆಂದು ನಂಬಿ, ರೇಷ್ಮೆ ಹುಳು ಸಾಕಿ ಬದುಕುವ ವೆಂಕಟರವಣಪ್ಪನಾದ ನಾನು ಕೈಮುಗಿದು ಬರೆಯುತ್ತಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಅದನ್ನು ಬಿಟ್ಟಿದ್ದೇನೆ, ಮನ್ನಿಸಬೇಕು.

ತಮ್ಮ ಮಹಿಮೆಯನ್ನು ನನಗೆ ತಿಳಿಸಿದವರು ಜೀಪಿನ ಡ್ರೈವರ್ ಷರೀಫ್ ಸಾಹೇಬರು. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಡೆಯ ಚಕ್ರ ಹೆಚ್ಚು, ಒಳಗಡೆಯದು ಕಡಿಮೆ ಸುತ್ತಬೇಕಂತೆ. ಅದಕ್ಕೆ ಅಚ್ಚಿನಲ್ಲೇ ಏರ್ಪಾಡಿದೆಯಂತೆ. ಆದರೆ ಗಾಡಿ ಕೆಸರಿಗೆ ಬಿದ್ದರೆ ಅದೇ ಏರ್ಪಾಡಿನಿಂದ ಒಂದು ಚಕ್ರ ಬರಿದೇ ಗಿರಗಿರನೆ ಸುತ್ತಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಮದುವೆ ಮನೆಯ ಬೀಗರ ಹಾಗೆ ಸುಮ್ಮನೆ ಕೂತುಬಿಡುತ್ತದಂತೆ. ಆಗ ಸೀಟಿನ ಪಕ್ಕದಲ್ಲಿ ಅಚ್ಚಿಗೊಂದರಂತಿರುವ ಸನ್ನೆಕೋಲು ಎಳೆದರೆ ತಾವು ಎರಡೂ ಚಕ್ರಗಳನ್ನು ಬಿಗಿದು ಕಟ್ಟಿ ಒಟ್ಟಿಗೆ ದುಡಿಸುತ್ತೀರಿ. ಕೆಸರು ದಾಟಿದ ಮೇಲೆ ಸನ್ನೆ ಬಿಡಬೇಕು. ಬಿಡದಿದ್ದರೆ ಗಟ್ಟಿ ರಸ್ತೆಯಲ್ಲಿ ಗಾಡಿ ತಿರುಗಲೊಲ್ಲದು, ಅದರಲ್ಲೂ ಮುಂದಿನ ಲಾಕರ್‌ರವರು ಸ್ಟಿಯರಿಂಗನ್ನು ಅಲ್ಲಾಡಿಸಗೊಡುವುದಿಲ್ಲ.

ಇಷ್ಟು ಸರಳವಾದ ತಮ್ಮ ಬಾಳಿಗೆ ತಾಲ್ಲೂಕಿನ ರೇಷ್ಮೆ ಕಚೇರಿಯ ದೊಡ್ಡ ಸಾಹೇಬರು ಹೊಸ ಅರ್ಥ ಕೊಟ್ಟರು. ಲಾಕ್ ಎಂದರೆ ಬೀಗ, ಸರ್ಕಾರದ ಸ್ವತ್ತಿಗೆ ಬೀಗ ಸದಾ ಹಾಕಿರಲೇಬೇಕು ಎಂಬ ಅವರ ನಿಷ್ಠೆಗೆ ನಮೋ ನಮಃ. ಷರೀಫ್ ಸಾಹೇಬರು ತಕರಾರೆತ್ತಿದಾಗ, "ಬೀಗ ಇರೋದೇ ಹಾಕೋಕೆ ಕಣಯ್ಯ, ತೆಗೆದಿಡೋಕೆ ಯಾರಾದ್ರೂ ಬೀಗ ಮಾಡಿಸ್ತಾರಾ?" ಎಂದು ಅಪ್ಪಣೆಯಾಯಿತು. ಎರಡೂ ಸನ್ನೆಗಳನ್ನು ಎಳೆದಿಟ್ಟು, ಅವಕ್ಕೆ ಸರಪಳಿ ಸುತ್ತಿ, ಹಿತ್ತಾಳೆಯ ನಿಜವಾದ ಬೀಗವೊಂದನ್ನು ಜಡಿದು, ಬೀಗದಕೈಯನ್ನು ಕಚೇರಿಯ ಬೀರುವಿನಲ್ಲಿಟ್ಟರು. ಬೀಗಕ್ಕೇ ಬೀಗ ಹಾಕಿದ ಕೀರ್ತಿ ನಮ್ಮ ತಾಲ್ಲೂಕಿಗೇ ಸಲ್ಲಬೇಕು.

ಚಿಂತಾಮಣಿ ಕಡೆಯ ರಸ್ತೆ ನನ್ನ ಹಿಪ್ಪುನೇರಳೆ ತೋಟದ ಬಳಿ ಎಡಕ್ಕೆ ತಿರುಗುತ್ತದೆ. ಸಾಹೇಬರನ್ನು ಹೊತ್ತ ಜೀಪು ತಿರುಗಲಿಲ್ಲ, ನೆಟ್ಟಗೆ ತೋಟಕ್ಕೇ ದಯಮಾಡಿಸಿತು. "ನಾನ್ ತಿರುಗಿಸ್ದೆ ಅಣ್ಣಾ, ಗಾಡಿ ತಿರುಗಲಿಲ್ಲ," ಎಂದು ಷರೀಫ್ ಸಾಹೇಬರು ಅಳುವಂತಾದರು. ಹೊರಗೆ ಹೋಗುವಾಗಲಾದರೂ ತಾವಿಬ್ಬರು ಸುಮ್ಮನೆ ಹೋದಿರೇ? ತಿರುಗಲಾರದೆ ಹಿಂದಕ್ಕೂ ಮುಂದಕ್ಕೂ ಸರಿದಾಡಿ, ಉಳಿದಿದ್ದ ಗಿಡಗಳನ್ನೂ ಒಂದೊಂದಾಗಿ ಮಾತಾಡಿಸಿಕೊಂಡು ಹೋದಿರಿ.

ಆ ಹೊತ್ತಿಗೆ ನಮ್ಮ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಬಿಡಲು ಸುಮ್ಮನೆ ಮಲಗುವುದನ್ನು ನಾವು ಜ್ವರವೆನ್ನುತ್ತೇವೆ; ನಾಲ್ಕನೆಯದು ಬಿಟ್ಟ ಮೇಲೆ ಅವು ತಿನ್ನುವುದೊಂದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಗೂಡು ಕಟ್ಟುವ ತನಕ ಅವಕ್ಕೆ ಸೊಪ್ಪು ಬೇಕು. ಸೊಪ್ಪೆಲ್ಲ ತಮ್ಮ ಚಕ್ರಕ್ಕೆ ಸಿಕ್ಕಿ ಮಣ್ಣಾಗಿತ್ತು.

ಸಾಹೇಬರು ಕರುಣಾಳುಗಳು. ಸರ್ಕಾರಿ ತೋಟದಿಂದ ಜೀಪಿನಲ್ಲೇ ಸೊಪ್ಪು ಕಳಿಸುತ್ತೇನೆಂದು ಮಾತು ಕೊಟ್ಟರು. ಜೊತೆಗೆ, ಅನಾಹುತಕ್ಕೆ ಬೀಗವೇ ಕಾರಣವೆಂದು ಮನಗಂಡು, ಸನ್ನೆಗಳನ್ನು ಬಿಡಿಸಿ, ಇನ್ನು ಮುಂದೆ ಯಾರೂ ಎಳೆಯದಂತೆ ಅದೇ ಸರಪಳಿ ಸುತ್ತಿ ಅದೇ ಬೀಗ ಜಡಿಸಿದರು. ಬೀಗದಕೈ ಮತ್ತೆ ಬೀರುವಿಗೆ. ಸೊಪ್ಪು ತುಂಬಿದ ಜೀಪು ಕೆರೆಯಂಗಳದ ಕೆಸರಿನಲ್ಲಿ ಹೂತುಕೊಂಡಿತು. ತಾವು ಹುಟ್ಟಿದ್ದೇ ಆ ಒಂದು ಗಳಿಗೆಗಾಗಿ ಅಲ್ಲವೇ? ಆದರೆ ತಾವು ಶಿಸ್ತಿನವರು, ಅಪ್ಪಣೆ ಮೀರಿ ಮಿಸುಕಲಿಲ್ಲ. ಒಂದು ಚಕ್ರ ಬರಿದೇ ಸುತ್ತಿತು, ಇನ್ನೊಂದು ನೋಡುತ್ತಾ ಕೂತಿತು, ಮೂಟೆಯೊಳಗಿನ ಸೊಪ್ಪು ಬಿಸಿಲಿಗೆ ಬೆಂದು ಕಪ್ಪಾಯಿತು.

ನಾನು ಮನೆಗೆ ಬಂದು ಸಂಗತಿ ವಿವರಿಸತೊಡಗಿದಾಗ ನನ್ನ ಹೆಂಡತಿ ಮುನಿಗಂಗಮ್ಮ, "ಹುಳ ತಲೆ ಎತ್ಕಂಡು ನೋಡ್ತಾವೆ, ನೀನು ಬೀಗದ ಕತೆ ಹೇಳ್ತೀಯ?" ಎಂದಳು. ನೆರೆಯವರ ತೋಟಗಳಿಂದ ಅವಳು ಬೇಡಿ ತಂದ ಸೊಪ್ಪು ಒಂದು ತಟ್ಟೆ ಹುಳುವಿಗೂ ಸಾಲಲಿಲ್ಲ. ಹಸಿದು ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಬಂದವಳು ಬಾಗಿಲಲ್ಲಿ ಕೂತು ಅತ್ತಳು. ನನಗೂ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆದ್ದರಿಂದ ಮಾನ್ಯರಲ್ಲಿ ಅರಿಕೆ ಏನೆಂದರೆ, ತಮಗೆ ತಿರುಗುವುದು ಕಷ್ಟವಾದರೆ ಚಿಂತಾಮಣಿಯನ್ನೇ ನಮ್ಮೂರಿಗೆ ನೇರವಾಗಿ ಸರಿಸಿ ಕೊಡಿಸಬೇಕು. ಅದಾಗದಿದ್ದರೆ ಹಸಿವಾಗದಂತೆ ಹುಳುಗಳ ಬಾಯಿಗೂ ಒಂದೊಂದು ಬೀಗ ಮಂಜೂರು ಮಾಡಿಸಬೇಕು. ಎರಡೂ ಆಗದಿದ್ದರೆ, ಯಾವಾಗ ಬಿಗಿಯಬೇಕು ಯಾವಾಗ ಬಿಡಬೇಕು ಎಂಬ ತಮ್ಮ ವಿದ್ಯೆಯನ್ನು ದೊಡ್ಡ ಸಾಹೇಬರಿಗೆ ಒಂದಿಷ್ಟು ಕಲಿಸಿಕೊಡಬೇಕಾಗಿ ಬೇಡುತ್ತೇನೆ.

ಎಂದೆಂದೂ ತಮ್ಮ ದಾರಿಗೆ ಅಡ್ಡ ಬಾರದಿರಲು ಯತ್ನಿಸುವ,
ತಮ್ಮ ವಿಶ್ವಾಸಿ,
ವೆಂಕಟರವಣಪ್ಪ

ಮರೆತ ಮಾತು: ನಮ್ಮ ಹುಳು ಮನೆಯ ಬೀಗವನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಒಳಗೆ ಕಾಯುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ಸಾಹೇಬರ ಕಚೇರಿಗಾದರೂ ಉಪಯೋಗಕ್ಕೆ ಬರಲಿ. ಬೀಗದಕೈ ಮಾತ್ರ ನನ್ನಲ್ಲೇ ಇರುತ್ತದೆ. ತಮ್ಮ ಕಚೇರಿಯ ಪದ್ಧತಿಯೇ ಹಾಗಲ್ಲವೇ.