ರಷ್ಯಾದ ತಟ್ಟೆಯ ಎರಡನೆಯ ಬದಿ

ಹೆಂಡತಿ ಊರಲ್ಲಿಲ್ಲದ ದಿನ ಬಾಗಿಲು ಹಾಕಿಕೊಂಡು ಪಿಟೀಲು ಕೇಳಿದ್ದೇ ಧರ್ಮಣ್ಣ ಮಾಡಿದ ತಪ್ಪು. ಅದೂ ತಾಂಡೂರಿನಲ್ಲಿ, ಸೋಮವಾರ, ಬೆಳಗಿನ ಹತ್ತು ಗಂಟೆಗೆ.

ಇದರ ಬೇರು ನಲವತ್ತು ವರ್ಷದಷ್ಟು ಹಳೆಯದು. ಆಗ ತಾಂಡೂರಿನ ಬಸ್‌ಸ್ಟ್ಯಾಂಡಿಗೆ ರಷ್ಯಾದ ಪುಸ್ತಕಗಳ ವ್ಯಾನು ಬಂದಿತ್ತು. ಊರವರು ಅದರಲ್ಲಿದ್ದ ನುಣುಪು ಕಾಗದದ ಪತ್ರಿಕೆಗಳನ್ನು ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಲೆಂದು ಕೊಂಡರು. ದನದ ದವಾಖಾನೆಯಲ್ಲಿ ಹೊಸದಾಗಿ ಕಾಂಪೌಂಡರ್ ಆಗಿದ್ದ ಧರ್ಮಣ್ಣ, ಬೊಮ್ರಾಸಪೇಟದ ಕುರಿಗಳಿಗೆ ಜಂತಿನ ಔಷಧಿ ಹಿಡಿದು ಬಸ್ಸು ಕಾಯುತ್ತಿದ್ದ. ವ್ಯಾನಿನವನು ಗ್ರಾಮಫೋನಿನ ಮೇಲೆ ಒಂದು ಕರಿಯ ತಟ್ಟೆ ಹಚ್ಚಿದ. ನೂರು ವರ್ಷದ ಹಿಂದೆ ಅವರ ದೇಶದವನೊಬ್ಬ ನಾಲ್ಕು ತಂತಿವಾದ್ಯಗಳಿಗೆಂದು ಕಟ್ಟಿದ ಸಂಗೀತವಂತೆ. ಒಂದು ಪಿಟೀಲು ನಾಲ್ಕೇ ಸ್ವರ ಹಿಡಿದು ಹಟಮಾರಿ ಟಗರಿನಂತೆ ಕಾಲೂರಿತು. ಉಳಿದವು ಅದನ್ನು ಎಳೆದವು, ನೂಕಿದವು, ಕಡೆಗೆ ಸುತ್ತ ಕೂತು ಸಮಾಧಾನ ಹೇಳಿದವು. ಧರ್ಮಣ್ಣನಿಗೆ ಎದೆಯೊಳಗೆ ಯಾರೋ ಹೆಸರು ಹಿಡಿದು ಕರೆದಂತಾಯಿತು. ವ್ಯಾನಿನವನು ತಟ್ಟೆ ಮಗುಚಿ ಎರಡನೆಯ ಬದಿ ಹಚ್ಚಬೇಕು, ಅಷ್ಟರಲ್ಲಿ ಬಸ್ಸು ಬಂತು. ಧರ್ಮಣ್ಣ ತಟ್ಟೆಯನ್ನು ಕೊಂಡು ಓಡಿದ.

ತಟ್ಟೆ ಬಂತು, ಅದನ್ನು ನುಡಿಸುವ ಪೆಟ್ಟಿಗೆ ಬರಲಿಲ್ಲ. ಮದುವೆಯಾಗಿ ಬಂದ ಸುಭದ್ರಮ್ಮ ಪ್ರತಿ ದಸರೆಗೆ ಟ್ರಂಕು ಬರಿದು ಮಾಡಿ, ತಟ್ಟೆ ಒರೆಸಿ, ಧಾರೆ ಸೀರೆಯ ಕೆಳಗೆ ಮತ್ತೆ ಇಟ್ಟಳು. ಹೊದಿಕೆಯ ಮೇಲಿನ ರಷ್ಯಾ ಅಕ್ಷರಗಳಲ್ಲಿ ಅರ್ಧ ಜಿರಲೆಗಳ ಪಾಲಾದವು. ಎದುರು ಮನೆಯ ನರೇಶ ಉಳಿದರ್ಧದ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದರೆ, ಅದು ಒಮ್ಮೆ ಟ್ರ್ಯಾಕ್ಟರು ತೋರಿಸಿತು, ಇನ್ನೊಮ್ಮೆ ಯಾರದೋ ಮದುವೆ.

ಈಗ ಜಹೀರಾಬಾದಿನ ಮೈಕ್‌ಸೆಟ್ ಸಾಯಪ್ಪನ ಅಟ್ಟದಲ್ಲಿ ಅಂಥ ಪೆಟ್ಟಿಗೆಯೊಂದು ಸಿಕ್ಕಿತ್ತು. ಆದರೆ ಅದನ್ನು ಹೈವೇ ಮೇಲಿನ ಧಾಬಾದವನೊಬ್ಬ ಗೋಡೆಯ ಶೃಂಗಾರಕ್ಕೆಂದು ಕೇಳಿದ್ದ. ಮೇಲೊಂದು ತಟ್ಟೆ ಇರಲೇಬೇಕು ಎಂದಿದ್ದ. ಸಾಯಪ್ಪ ಒಪ್ಪಂದಕ್ಕೆ ಬಂದ.

“ಒಂದ್ ದಿನ ಡಬ್ಬಿ ನಿಮ್ಮನ್ಯಾಗ ಇಡ್ತೀನಿ ಧರ್ಮಣ್ಣ. ಮನಸಾರ ಕೇಳು. ಸಂಜಿ ನಾಕಕ್ಕ ಬಂದು ಡಬ್ಬಿ, ತಟ್ಟಿ ಎರಡೂ ಒಯ್ತೀನಿ. ಅವ್ರು ಅದನ್ನ ಮೊಳಿ ಹೊಡ್ದು ಗೋಡಿಗಿ ಕೂಡಿಸ್ತಾರಂತ.”

ಮೊಳೆಯ ಮಾತು ಕೇಳಿ ಧರ್ಮಣ್ಣ ಮೊದಲು ಬೇಡವೆಂದ. ಆದರೂ ಎರಡನೆಯ ಬದಿಯನ್ನು ಒಮ್ಮೆ ಕೇಳಿಬಿಟ್ಟರೆ ತಟ್ಟೆ ಎಲ್ಲಾದರೂ ಹೋಗಲಿ ಎಂದು ಒಪ್ಪಿದ. ಸುಭದ್ರಮ್ಮನನ್ನು ಯಾಲಾಲದ ತಂಗಿಯ ಮನೆಗೆ ತಾನೇ ಬಸ್ಸು ಹತ್ತಿಸಿ ಬಂದ.

ಪೆಟ್ಟಿಗೆಯ ಸ್ವಂತ ಸ್ಪೀಕರು ಕೆಟ್ಟದ್ದರಿಂದ ಸಾಯಪ್ಪ ಅದಕ್ಕೆ ಮದುವೆ ಮೆರವಣಿಗೆಯ ದೊಡ್ಡ ಬಾಕ್ಸ್ ಜೋಡಿಸಿದ್ದ. ದನಿ ಎಷ್ಟು ಇಳಿಸಿದರೂ ಇಳಿಯುವಂಥದ್ದಲ್ಲ. ಮೊದಲ ಬದಿ ಓಣಿಗೆ ಹಾಸಿದ ಫರ್ಸಿ ಕಲ್ಲುಗಳ ಮೇಲೆಲ್ಲ ಹರಿಯಿತು. ಧರ್ಮಣ್ಣ ಇಪ್ಪತ್ತೆರಡರ ಹುಡುಗನಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ. ತಟ್ಟೆ ಮಗುಚಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಬಾಗಿಲು ಬಡಿದ ಸದ್ದು.

ಪಕ್ಕದ ಮನೆಯ ಚಂದ್ರಾಬಾಯಿ. ಐವತ್ತು ದಾಟಿದವರಿಗೆಲ್ಲ ನೆನಪಿರುವಂತೆ, ದೊಡ್ಡವರು ತೀರಿಕೊಂಡಾಗ ರೇಡಿಯೋದವರು ಹಾಡು ಹರಟೆ ನಿಲ್ಲಿಸಿ ದಿನವಿಡೀ ಬರೀ ಪಿಟೀಲು ಹಾಕುತ್ತಿದ್ದರು. ಮಾತಿಲ್ಲದ ಪಿಟೀಲು ಎಂದರೆ ಹೆಣ ಇನ್ನೂ ಮನೆಯಿಂದ ಎದ್ದಿಲ್ಲ ಎಂದೇ ಆಕೆಯ ಲೆಕ್ಕ.

“ಧರ್ಮಣ್ಣ, ಯಾರು?” ಎಂದಳು, ಸೆರಗು ಆಗಲೇ ಬಾಯಿಗೆ.

“ಯಾರೂ ಇಲ್ಲ ಚಂದ್ರವ್ವ. ಎಲ್ಲಾರೂ ಆರಾಮ ಅದಾರ.”

ಇದು ಎರಡನೆಯ ತಪ್ಪು. ಆ ಓಣಿಯಲ್ಲಿ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ‘ಜರಾ ಆರಾಮಿಲ್ಲ, ಬಂದು ಹೋಗು’ ಎಂದರೆ ಮುಗಿದಿದೆ ಎಂದು ತಿಳಿಯಬೇಕು. ‘ಎಲ್ಲಾರೂ ಆರಾಮ’ ಎಂದರಂತೂ ಹೊರಡುವಾಗಲೇ ಹಾರ ಕೊಂಡುಕೊಳ್ಳಬೇಕು.

ಚಂದ್ರಾಬಾಯಿ ಅವನ ಒದ್ದೆ ಕಣ್ಣು ನೋಡಿದಳು, ಖಾಲಿ ಅಡುಗೆಮನೆ ನೋಡಿದಳು. “ಸುಭದ್ರಾ ಎಲ್ಲಿ?”

“ಯಾಲಾಲದಾಗ ತಂಗಿ ಮನ್ಯಾಗ. ಸಂಜಿಗಿ ಬರ್ತಾಳ. ಬೇಕಂದ್ರ ಫೋನ್ ಹಚ್ತೀನಿ ನೋಡು!”

ಹಚ್ಚಿದ. ಆಕೆಯ ಫೋನು ಗೋಡೆಯ ಗೂಡಿನಲ್ಲಿ, ಅರಿಶಿನ ಡಬ್ಬಿಯ ಪಕ್ಕದಲ್ಲಿ ರಿಂಗಾಯಿತು. ಸುಭದ್ರಮ್ಮ ಮರೆತು ಹೋಗಿದ್ದಳು. ಚಂದ್ರಾಬಾಯಿ ಒಂದು ಕ್ಷಣ ಆ ಗೂಡನ್ನೇ ನೋಡಿ, ಆಮೇಲೆ ಓಣಿಯ ಕೊನೆಯ ಮನೆಗೂ ಕೇಳುವಂತೆ ಅಳಲು ಶುರು ಹಚ್ಚಿಕೊಂಡಳು.

ಹನ್ನೆರಡರ ಹೊತ್ತಿಗೆ ಮನೆ ಕುರಿದೊಡ್ಡಿಯಾಗಿತ್ತು. ಧರ್ಮಣ್ಣ ತಟ್ಟೆಯ ಮೇಲೆ ಮುಳ್ಳು ಇಳಿಸಲು ಪೆಟ್ಟಿಗೆಯ ಹತ್ತಿರ ಸರಿದಾಗಲೆಲ್ಲ ಯಾರೋ ಬಂದು ತಬ್ಬಿ, “ಧೈರ್ಯ ತಗೋರಿ” ಎಂದು ಕೈ ಹಿಡಿದುಕೊಂಡರು. ಯಾರೂ ಸತ್ತಿಲ್ಲವೆಂದು ಅವನು ಕೂಗಿದಷ್ಟೂ ಜನ ಮುಖ ಮುಖ ನೋಡಿಕೊಂಡು, “ಪಾಪ, ತಲಿಗಿ ಹತ್ಯಾದ” ಎಂದರು. ನರೇಶ ತನ್ನ ಗಾಡಿಯನ್ನೇ ತಂದು ಬಾಗಿಲಿಗೆ ನಿಲ್ಲಿಸಿದ. ಹೆಣ ಸಾಗಿಸುವ ಸ್ವರ್ಗರಥ ಅವನದು.

“ಕಾಕಾ, ಗಡಿಬಿಡಿ ಇಲ್ಲ. ನೀವ್ ಹೇಳಿದಾಗ ಹೊಂಡೂಣು,” ಎಂದ, ಬಹಳ ಮೃದುವಾಗಿ.

ಇನ್ನು ಸುಭದ್ರಮ್ಮನನ್ನೇ ತಂದು ನಿಲ್ಲಿಸಬೇಕು, ಬೇರೆ ದಾರಿಯಿಲ್ಲ. ಆಕೆಯ ಬಸ್ಸು ಮೂರಕ್ಕೆ. ಸಾಯಪ್ಪ ಬರುವುದು ನಾಲ್ಕಕ್ಕೆ. ನಡುವೆ ಒಂದು ತಾಸು ಉಳಿಯುತ್ತದೆ; ಆ ಬದಿಗೆ ಹತ್ತು ನಿಮಿಷ ಸಾಕು. “ಚಂದ್ರವ್ವ, ಸಾಯಪ್ಪ ಬಂದ್ರ ಕೂಡಿಸು. ಡಬ್ಬಿ ಮುಟ್ಟಾಕ ಕೊಡಬ್ಯಾಡ,” ಎಂದು ಹೇಳಿ ಸ್ಕೂಟರು ಒದ್ದ. ಚಂದ್ರಾಬಾಯಿ ಹುಚ್ಚನ ಮಾತಿಗೆ ತಲೆದೂಗಿದಂತೆ ತಲೆದೂಗಿದಳು.

ಬಸ್‌ಸ್ಟ್ಯಾಂಡಿನಲ್ಲಿ ಕಾದ. ಮೂರರ ಬಸ್ಸು ಮೂರಕ್ಕೆ ಬರಲಿಲ್ಲ, ನಾಲ್ಕಕ್ಕೂ ಬರಲಿಲ್ಲ. ನಾಲ್ಕೂವರೆಗೆ ಜಹೀರಾಬಾದಿಗೆ ಹೋಗುವ ಬಸ್ಸು ಹೊರಟಾಗ ಕಿಟಕಿಯಿಂದ ಯಾರೋ ಅವನಿಗೆ ಎರಡೂ ಕೈ ಎತ್ತಿ ಮುಗಿದರು. ಧರ್ಮಣ್ಣ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಯಾರೋ ಕುರಿ ತೋರಿಸಲು ಬರುತ್ತಿದ್ದವರಿರಬೇಕೆಂದು ತಾನೂ ಮುಗಿದ. ಅದರ ಹಿಂದೆಯೇ ಯಾಲಾಲದ ಬಸ್ಸು ಬಂತು. ಸುಭದ್ರಮ್ಮ ಬದನೆಕಾಯಿ ಚೀಲದೊಂದಿಗೆ ಇಳಿದಳು.

“ಯಾಕ್ರಿ, ನೀವ್ಯಾಕ ಬಂದೀರಿ? ಏನಾಗ್ಯಾದ?”

“ನೀ ಸತ್ತಿ. ಸ್ಕೂಟರ್ ಹತ್ತು ಲಗೂನ.”

ಸುಭದ್ರಮ್ಮ ಬದನೆಕಾಯಿಯೊಂದಿಗೆ ಸ್ಕೂಟರಿನಿಂದ ಇಳಿದಾಗ ಓಣಿ ಉಸಿರು ನಿಲ್ಲಿಸಿತು. ಮೊದಲು ಬಾಯಿ ಬಂದದ್ದು ಚಂದ್ರಾಬಾಯಿಗೆ. “ಹಂಗಾದ್ರ ನಾ ಇಷ್ಟೊತ್ತು ಯಾರಿಗಿ ಅತ್ತೆ?” ಎಂದು ಧರ್ಮಣ್ಣನ ಮೇಲೇ ಹರಿಹಾಯ್ದಳು.

ಧರ್ಮಣ್ಣನಿಗೆ ಅದು ಕೇಳಿಸಲಿಲ್ಲ. ಮೇಜಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಚಹಾದ ಲೋಟಗಳು ಸಾಲಾಗಿದ್ದವು.

“ಸಾಯಪ್ಪ ಕಾಕಾ ಒಯ್ದಾರ, ನಾಕೂವರಿ ಬಸ್ಸಿಗಿ,” ಎಂದ ನರೇಶ. “ನಿಮ್ಮ ಮನ್ಯಾಗಿನ ಸುದ್ದಿ ಕೇಳಿ ಭಾಳ ಅತ್ರು. ಇಷ್ಟ್ ದೊಡ್ಡ ಸಾವಿಗಿ ಪಿಟೀಲು ನಿಂದ್ರಬಾರ್ದಂದು, ತಟ್ಟಿ ಹಚ್ಚಿ ಪೂರಾ ಮುಗಿಸ್ಯಾರ. ಓಣಿ ಓಣೀನೇ ಕೇಳ್ಯಾದ.”

“ಎರಡನೇ ಬದಿ?”

“ಮ್ಯಾಲಿದ್ದದ್ದೇ ಹಚ್ಯಾರ.”

ಧರ್ಮಣ್ಣ ಗೋಡೆ ಹಿಡಿದು ಕೂತ. ನಲವತ್ತು ವರ್ಷ ಅವನೊಬ್ಬ ಕಾದದ್ದನ್ನು ನಲವತ್ತು ಜನ ಚಹಾ ಕುಡಿಯುತ್ತ ಕೇಳಿ ಮುಗಿಸಿದ್ದರು. “ಹ್ಯಾಂಗಿತ್ತು?” ಎಂದು ಒಬ್ಬೊಬ್ಬರನ್ನೂ ಕೇಳಿದ. ಛಲೋ ಇತ್ತು ಎಂದರು. ಉದ್ದ ಇತ್ತು ಎಂದರು.

“ಕೇಳ್ರಿ ಬೇಕಂದ್ರ,” ಎಂದು ನರೇಶ ಫೋನು ತೆಗೆದ. “ಗಾಡ್ಯಾಗ ಹಾಕಾಕ ಇರ್ಲಿ ಅಂತ ರೆಕಾರ್ಡ್ ಮಾಡ್ಕೊಂಡೀನಿ.”

ಸತ್ತವರು ಎದ್ದು ಕೂರುವುದು ಹೇಗೆಂದು ಓಣಿಯವರು ಅಂದು ಎರಡನೆಯ ಸಲ ಕಂಡರು. ಧರ್ಮಣ್ಣ ಫೋನು ಕಿವಿಗೆ ಒತ್ತಿಕೊಂಡ. ‘ನನ್ನವ್ವ ಸುಭದ್ರಾ, ಬದನಿಕಾಯಿ ಪಲ್ಯ ಮಾಡಿದ್ರ ನಂಗೊಂದ್ ವಾಟಿ ತಪ್ಪಿಸ್ಲಿಲ್ಲಲ್ಲೇ!’ ಎಂದು ಚಂದ್ರಾಬಾಯಿ ಗೋಳಾಡಿದಳು. ಆಮೇಲೆ ಉಸಿರು ತೆಗೆದುಕೊಂಡಳು. ಆ ಉಸಿರಿನ ಸಂದಿಯಲ್ಲಿ ಎರಡನೆಯ ಬದಿ ಇತ್ತು. ಬಲು ಮೆಲ್ಲಗೆ, ನಾಲ್ಕೂ ವಾದ್ಯ ಕೂಡಿ, ಮಂಜಿನಲ್ಲಿ ಕುರಿಹಿಂಡು ಮನೆಗೆ ಮರಳುವಂತೆ. ಆ ಟಗರು ಕಡೆಗೂ ನಡೆಯಲು ಒಪ್ಪಿತ್ತು. ಮತ್ತೆ ಚಂದ್ರಾಬಾಯಿ. ಮತ್ತೆ ಉಸಿರು. ಹತ್ತು ನಿಮಿಷದಲ್ಲಿ ಇಪ್ಪತ್ತೊಂದು ಸಂದಿ ಎಣಿಸಿದ.

“ನನ್ನ ಫೋನಿಗಿ ಕಳ್ಸು ನರೇಶ. ಮರೀಬ್ಯಾಡ.”

“ಈಗೇ ಕಳಸ್ತೀನ್ರಿ ಕಾಕಾ. ಜರಾ ಸಾಫ್ ಮಾಡಿ ಕಳಸ್ತೀನಿ.”

ಸಂಜೆ ಜನ ಕರಗಿದ ಮೇಲೆ ಫೋನು ಟಣ್ ಎಂದಿತು. ಧರ್ಮಣ್ಣ ಮಾಳಿಗೆ ಹತ್ತಿ, ಮುಳುಗುವ ಸೂರ್ಯನ ಕಡೆ ಮುಖ ಮಾಡಿ ಕೂತು ಒತ್ತಿದ. ಚಂದ್ರಾಬಾಯಿ ಅಳತೊಡಗಿದಳು. ಸಂದಿಗಾಗಿ ಕಾದ. ಆಕೆ ಅತ್ತಳು. ಉಸಿರೇ ತೆಗೆದುಕೊಳ್ಳದೆ ಏಳು ನಿಮಿಷ ಅತ್ತಳು.

ಮಾಳಿಗೆಯಿಂದಲೇ ಕೂಗಿದ: “ನರೇಶ! ನಡುವಿನದೆಲ್ಲಾ ಏನಾತೋ?”

“ನಡುನಡುವ ಅಳೋದು ನಿಂತು ಖಾಲಿ ಇತ್ತಲ್ರಿ ಕಾಕಾ, ಅದೆಲ್ಲಾ ಕತ್ತರಿಸೀನಿ,” ಎಂದು ಗಾಡಿ ಒರೆಸುತ್ತಿದ್ದ ನರೇಶ ಹೆಮ್ಮೆಯಿಂದ ಕೂಗಿದ. “ಹಳೇದು ಅಳಿಸಿಬಿಟ್ಟೆ, ಫೋನಿನಾಗ ಜಾಗ ಇರ್ಲಿಲ್ಲ.”

ಕೆಳಗೆ ಬದನೆಕಾಯಿ ಒಗ್ಗರಣೆ ಚುಂಯ್ ಎಂದಿತು. ಸುಭದ್ರಮ್ಮ ಮೆಟ್ಟಿಲ ಬಳಿ ಬಂದು ಕತ್ತು ಮೇಲೆತ್ತಿದಳು.

“ಏನ್ರೀ, ಜರಾ ಜೋರಾಗಿ ಹಚ್ರಿ. ಆಕಿ ನಂಗ ಎಷ್ಟ್ ಛಂದ ಅತ್ತಾಳ, ನಾನೂ ಪೂರಾ ಕೇಳ್ತೀನಿ.”

ಧರ್ಮಣ್ಣ ದನಿ ಏರಿಸಿ, ಮೊದಲಿನಿಂದ ಹಚ್ಚಿದ.