ಅವನ ‘ಪೂರ್ತಿ ಆತ್ರಿ’, ನನ್ನ ‘ಬರಲಿಲ್ಲ’

ಕಂಪ್ಯೂಟರ್ ಮುಂದೆ ಕೂತು ಕೋಡು ಬರೆಯುವವರ ಬಾಳಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ವಿಜಯಪುರದ ನಮ್ಮ ಆಫೀಸಿಗೆ ಬಂದು ಒಂದು ವಾರ ಕೂರಬೇಕು. ಇಲ್ಲಿ ದಿನಾ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನೊಬ್ಬಳು ಹೊಟ್ಟೆ ಉರಿಸಿಕೊಂಡು ಮನೆಗೆ ಹೋಗುತ್ತೇನೆ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ನಮ್ಮ ಆಫೀಸು. ದ್ರಾಕ್ಷಿ ಬೆಳೆಗಾರರಿಗೆ ಒಂದು ಆಪ್ ಮಾಡಿದ್ದೇವೆ. ಇವತ್ತು ತೋಟದಲ್ಲಿ ಏನು ಮಾಡಬೇಕು ಎಂಬ ಸಲಹೆಯನ್ನು ನಮ್ಮ ಮಾಲೀಕರು ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡುತ್ತಾರೆ. ಆ ಫೈಲು ರೈತರ ಮೊಬೈಲಿಗೆ ಇಳಿಯಬೇಕು. ಇಳಿಸುವ ಕೋಡು ಬರೆಯುವವರು ಇಬ್ಬರು: ಬಬಲೇಶ್ವರದ ನಾನು, ಪಕ್ಕದ ಕುರ್ಚಿಯ ತಿಕೋಟಾದವನು. ‘ಫೈಲ್ ತಾ’ ಎಂದು ಬರೆಯುವುದು ಒಂದೇ ಸಾಲಿನ ಕೆಲಸ, ಯಾರು ಬೇಕಾದರೂ ಬರೆದಾರು. ಪೂರ್ತಿ ಬಂದಾಗ ಏನು ಮಾಡಬೇಕು, ನಡುವೆ ಕೈಕೊಟ್ಟರೆ ರೈತನಿಗೆ ಏನು ಹೇಳಬೇಕು, ಅಲ್ಲಿರುವುದು ನಿಜವಾದ ಕಸುಬು. ಅದರಲ್ಲಿ ನಾನು ಒಂದು ಕೈ ಮೇಲು ಎಂದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ಇದ್ದದ್ದು ನನಗೊಬ್ಬಳಿಗೇ.

ಮಾಲೀಕರು ಒಂದು ದಿನ ಇಬ್ಬರನ್ನೂ ಕರೆದರು. “ಅರ್ಧ ಊರಿಗೆ ಇಕಿ ಮಾಡಿದ್ದ ಆಪ್ ಹಾಕೂಣು, ಅರ್ಧಕ್ಕ ಅವಂದು. ಸಂಕ್ರಾಂತಿ ಆದಮ್ಯಾಲೆ ಬಬಲೇಶ್ವರದಾಗ ಬೆಳೆಗಾರರ ಸಭಾ ಐತಿ. ಅಲ್ಲಿ ಯಾರದು ಗೆಲ್ಲತೈತಿ, ಅವರ ಕೈಯಾಗ ಇಡೀ ತಂಡ” ಎಂದರು. ತಂಡದ ಮುಖ್ಯಸ್ಥೆ ಆಗಬೇಕೆಂದು ಸೇರಿದ ದಿನದಿಂದ ಆಸೆಪಟ್ಟವಳು ನಾನು. ಅವನು ನನ್ನ ನಂತರ ಸೇರಿದವನು. ಆದರೆ ಅವನು ನಕ್ಕರೆ ಎಲ್ಲರೂ ನಗುತ್ತಾರೆ. ಅದೇ ನನಗೆ ಸೇರದ್ದು.

ಕೆಂಪು ಅಕ್ಷರ

ಫೈಲು ಬರದಿದ್ದರೆ ನನ್ನ ಆಪ್ ಸುತ್ತಿಬಳಸದೆ ಹೇಳುತ್ತಿತ್ತು. ದೊಡ್ಡ ಕೆಂಪು ಅಕ್ಷರದಲ್ಲಿ: ‘ವಿಫಲ. ಫೈಲ್ ಬರಲಿಲ್ಲ.’ ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕು?

ತಿಕೋಟಾ ಕಡೆಯ ರೈತರೊಬ್ಬರು ಸಿಟ್ಟಿನಿಂದ ಮೆಟ್ಟಿಲು ಹತ್ತಿ ಬಂದರು. “ಇವತ್ತ ನಮ್ಮ ತೋಟದಾಗ ದ್ರಾಕ್ಷಿ ಬಳ್ಳಿ ಚಾಟ್ನಿ ಸುರು. ಕತ್ತರಿಗೆ ಪೂಜಾ ಮಾಡಿ, ಕಾಯಿ ಒಡದು, ಇನ್ನ ಬಳ್ಳಿ ಕತ್ತರಸಬೇಕು ಅಂತ ಮೊಬೈಲ್ ತಗದ್ರ, ಮಾರಿಮುಂದ ‘ವಿಫಲ’ ಅಂತ ಬರದೀರಲ್ಲ! ಆಳು ಮಂದಿ ಕತ್ತರಿ ಕೆಳಗಿಟ್ಟು ಮನಿಗಿ ಹೋದ್ರು. ಬಾಯಿಬಿಟ್ಟು ಒಂದ ಛಲೋ ಮಾತ ಬರೂದಿಲ್ಲೇನ ನಿಮಗ?”

ಮಾಲೀಕರು ಅಲ್ಲೇ ನಿಂತು ಅವರ ಮೊಬೈಲಿನಲ್ಲಿ ನನ್ನದನ್ನು ತೆಗೆಸಿ ತಿಕೋಟಾದವನದನ್ನು ಹಾಕಿಸಿದರು. ಅವನ ಆಪ್‌ನಲ್ಲಿ ಫೈಲು ಬರದಿದ್ದರೆ ಕಾಣುವುದು ಇಷ್ಟೇ: ‘ಬರಾಕತ್ತೈತ್ರಿ. ಅಲ್ಲೀತನಕ ಚಾ ಕುಡೀರಿ.’

ಮರುದಿನ ಮಾಲೀಕರಿಗೆ ನೆಗಡಿಯಾಗಿ ದನಿಯೇ ಬಿದ್ದುಹೋಗಿತ್ತು. ರೆಕಾರ್ಡೇ ಆಗಲಿಲ್ಲ. ಸರ್ವರಿನಲ್ಲಿ ಫೈಲೇ ಇಲ್ಲದ ಮೇಲೆ ರೈತನಿಗೆ ಬರುವುದಾದರೂ ಎಲ್ಲಿಂದ? ಇವತ್ತು ಆ ಮನುಷ್ಯ ಬಂದು ಇವನ ಚರ್ಮ ಸುಲಿಯುತ್ತಾನೆ ಎಂದು ನಾನು ಬಾಗಿಲ ಕಡೆಗೇ ಕಣ್ಣು ನೆಟ್ಟು ಕೂತೆ. ಸಂಜೆ ಬಂದರು. ಕೈಯಲ್ಲಿ ದಾಳಿಂಬೆ ಚೀಲ. ನೇರ ಅವನ ಮೇಜಿಗೆ ಹೋಗಿ ಇಟ್ಟರು.

“ಮುಂಜಾನಿಂದ ಎಷ್ಟ ಸಲ ಕೇಳಿದ್ರೂ ಬ್ಯಾಸರಿಲ್ಲದ ಮಾತಾಡ್ತೈತ್ರಿ. ನನ್ನ ಅಳಿಯಾನೂ ನನಗ ಇಷ್ಟ ಮರ್ಯಾದಿ ಕೊಡಂಗಿಲ್ಲ.”

ನಾನು ತಡೆಯಲಾರದೆ ಕೇಳಿದೆ, “ಸಲಹಾ ಬಂತೇನ್ರಿ ಕಾಕಾ?”

“ಬರಾಕತ್ತೈತೆಬೇ ತಂಗಿ! ನಿನಗ್ಯಾಕ ಅಷ್ಟ ಅವಸರ?”

ಚುಟುಕು ಭಾಷಣ

ಡೌನ್‌ಲೋಡ್ ಪೂರ್ತಿ ಮುಗಿದ ಮೇಲೆ ‘ಮುಗಿಯಿತು’ ಎನ್ನಬೇಕು. ಮಕ್ಕಳಿಗೂ ಗೊತ್ತಾಗುವ ಮಾತು ಇದು. ತಿಕೋಟಾದವನು ಆ ಸಾಲನ್ನು ಡೌನ್‌ಲೋಡ್ ಶುರುವಾಗುವ ಜಾಗದಲ್ಲಿ ಬರೆದಿದ್ದ. ಹೀಗಾಗಿ ಫೈಲು ಇಳಿಯಲು ಶುರುವಾದ ಕೂಡಲೇ ‘ಪೂರ್ತಿ ಆತ್ರಿ!’ ಎಂದು ಬರುತ್ತಿತ್ತು. ರೈತರೆಲ್ಲ ‘ಏನ್ ಸ್ಪೀಡ್ ಐತೋ ಮಾರಾಯಾ’ ಎಂದು ಹೊಗಳಿದ್ದೇ ಹೊಗಳಿದ್ದು. ನನ್ನದು ಪ್ರಾಮಾಣಿಕವಾಗಿ ಒಂದೊಂದೇ ಗೆರೆ ತುಂಬುತ್ತಿತ್ತು. ನನ್ನದಕ್ಕೆ ‘ಎತ್ತಿನ ಗಾಡಿ’ ಎಂದು ಹೆಸರಿಟ್ಟರು.

ಗಾಂಧಿ ಚೌಕದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಚಾಚಾ ಒಬ್ಬರಿದ್ದಾರೆ. ಅವರಿಗೆ ಸ್ವಂತ ತೋಟವೂ ಇದೆ. ‘ಪೂರ್ತಿ ಆತ್ರಿ’ ನೋಡಿದ ಕೂಡಲೇ ಫೈಲು ತೆರೆದಿದ್ದಾರೆ. ಬಂದದ್ದು ಮೊದಲಿನ ತುಣುಕಷ್ಟೇ. ನಮ್ಮ ಮಾಲೀಕರ ದನಿ: “ನಮಸ್ಕಾರ್ರಿ ರೈತ ಬಾಂಧವರಿಗೆ. ಇವತ್ತ ಭಾಳ ಮುಖ್ಯ ಮಾತ ಹೇಳಾವ್ ಅದೀನಿ. ಲಕ್ಷ್ಯ ಕೊಟ್ಟು ಕೇಳ್ರಿ.” ಅಲ್ಲಿಗೆ ನಿಂತಿತು.

ಚಾಚಾ ಮಧ್ಯಾಹ್ನ ಆಫೀಸಿಗೆ ಬಂದರು. ತಿಕೋಟಾದವನು ಸಿಕ್ಕಿಬಿದ್ದ ಎಂದು ನಾನು ಕುರ್ಚಿ ತಿರುಗಿಸಿಕೊಂಡು ಕೂತೆ. ಚಾಚಾ ಮಾಲೀಕರ ಕೈ ಹಿಡಿದು ಕುಲುಕಿದರು.

“ಸಾಹೇಬ್ರ, ನನ್ನ ಇಡೀ ಜಿಂದಗಿಯಾಗ ಇಷ್ಟ ಚುಟುಕ ಭಾಷಣ ಮಾಡೋ ಮನಷ್ಯಾನ್ನ ನೋಡಿಲ್ರಿ. ಬಂದ್ರಿ, ನಮಸ್ಕಾರ ಅಂದ್ರಿ, ಕುಂತ್ರಿ. ಮುಂದಿನ ತಿಂಗಳ ನಮ್ಮ ಸಂಘದ ಜಲ್ಸಾ ಐತಿ, ಮುಖ್ಯ ಅತಿಥಿ ನೀವ ಆಗಬೇಕು.”

ಮಾಲೀಕರಿಗೆ ಹಿಗ್ಗೋ ಹಿಗ್ಗು. ಚಾಚಾ ಹೋದ ಮೇಲೆ ನಾನು ಎದ್ದು, “ಸರ್, ಅದು ಅರ್ಧಕ್ಕ ಕಟ್ ಆಗೈತ್ರಿ. ಇವನ ಕೋಡಿನಾಗ ತಪ್ಪೈತಿ” ಎಂದೆ. ಮಾಲೀಕರು ನನ್ನನ್ನು ಮೇಲೆ ಕೆಳಗೆ ನೋಡಿದರು.

“ನನ್ನ ಭಾಷಣ ಮಂದಿ ಮೆಚ್ಚಿದ್ರ ನಿನಗೂ ಹೊಟ್ಟಿ ಉರೀತೈತೇನ?”

ದೇವರ ಫೋಟೋ

ಘೋಣಸಗಿಯ ಅಜ್ಜ ಒಬ್ಬರ ಮೊಬೈಲಿನಲ್ಲಿ ಜಾಗವೇ ಇರಲಿಲ್ಲ. ಜಾಗವಿಲ್ಲದಿದ್ದರೆ ಫೈಲು ಇಳಿಯುವುದಿಲ್ಲ. ತಿಕೋಟಾದವನು ಈ ಸಾಧ್ಯತೆಯನ್ನು ಯೋಚಿಸಿಯೇ ಇರಲಿಲ್ಲ, ನಾನು ಯೋಚಿಸಿದ್ದೆ. ‘ಮೊಬೈಲಿನಲ್ಲಿ ಜಾಗ ಇಲ್ಲ. ಬೇಡದ ಫೋಟೋ ಅಳಿಸಿ’ ಎಂದು ನನ್ನ ಆಪ್ ಹೇಳಿತು. ಈ ಸಲವಾದರೂ ಶಹಬ್ಬಾಸ್ ಸಿಗುತ್ತದೆ ಎಂದುಕೊಂಡೆ.

ಅಜ್ಜ ಫೋನ್ ಮಾಡಿದರು. “ಯವ್ವಾ, ನನ್ನ ಮೊಬೈಲ್ ತುಂಬ ಇರೋವು ಮುಂಜಾನಿ ಶುಭೋದಯದ್ದ ದೇವರ ಫೋಟೋ. ಮಂದಿ ದಿನಾ ಕಳಸ್ತಾರ. ಅಳಸು ಅಂತೀಯಲ್ಲ, ದೇವರನ್ನ ಅಳಸಾಕ ಬರತೈತೇನು?”

“ಹಳೀವು ಅಷ್ಟ ಅಳಸ್ರಿ ಅಜ್ಜಾರ.”

“ಹಳೀ ದೇವರ ಪಟ ಆದ್ರೂ ನಾವು ಒಗಿಯಂಗಿಲ್ಲವ್ವಾ. ಗುಡಿ ಮುಂದಿನ ಬನ್ನಿಗಿಡದ ಬುಡಕ ಒಯ್ದು ಇಟ್ಟು, ಕೈ ಮುಗದು ಬರ್ತೀವಿ.”

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯ ಗಾಜು ಒಡೆದ ದೇವರ ಪಟವನ್ನೂ ಹಾಗೇ ಇಟ್ಟು ಬಂದಿದ್ದೇವೆ. “ಹಂಗಾದ್ರ ಮೊದಲ ಬ್ಯಾರೆ ಕಡೆ ಇಟ್ಟು, ಆಮ್ಯಾಲೆ ಇಲ್ಲಿಂದ ತಗೀರಿ” ಎಂದುಬಿಟ್ಟೆ. ಕಂಪ್ಯೂಟರಿನವರು ಹೇಳುವ ಮಾಮೂಲಿ ಮಾತು.

ಅರ್ಧ ತಾಸಿನಲ್ಲಿ ನನ್ನ ಮೊಬೈಲು ನಡುಗತೊಡಗಿತು. ಗಣಪತಿ, ಹನುಮಪ್ಪ, ಬಸವಣ್ಣ, ಲಕ್ಷ್ಮಿ, ಗುಲಾಬಿ ಹೂವಿನ ನಡುವೆ ಮತ್ತೆ ಗಣಪತಿ. ಎಲ್ಲವನ್ನೂ ಅಜ್ಜ ನನಗೆ ಕಳಿಸುತ್ತಿದ್ದರು. ಕೊನೆಗೆ ಅವರದೇ ದನಿಯ ಸಂದೇಶ: “ನಿಮ್ಮ ಆಫೀಸ್‌ನ್ಯಾಗ ಏಸಿ ಐತಂತಲ್ಲ ಯವ್ವಾ, ದೇವರು ತಣ್ಣಗ ಇರ್ತಾರ. ಒಂದ ಊದಿನಕಡ್ಡಿ ಹಚ್ಚು.”

ನನ್ನ ಮೊಬೈಲೂ ತುಂಬಿತು. ಮರುದಿನ ಮುಂಜಾನೆ ನನ್ನದೇ ಆಪ್ ನನಗೆ ಹೇಳಿತು: ‘ಜಾಗ ಇಲ್ಲ. ಬೇಡದ ಫೋಟೋ ಅಳಿಸಿ.’ ಅಳಿಸಲು ನನಗೂ ಕೈ ಬರಲಿಲ್ಲ. ಹೊಸ ಮೊಬೈಲು ತಗೊಂಡೆ.

ಒಲ್ಲೆ ಅಂದರೂ ಬಡಿಸುವುದು

ಫೈಲು ಬರದಿದ್ದರೆ ಇನ್ನೊಮ್ಮೆ ಕೇಳಬೇಕು, ಅದು ಸರಿ. ಆದರೆ ಆ ಕಡೆಯ ಸರ್ವರು ‘ಅಂಥ ಫೈಲೇ ನನ್ನಲ್ಲಿಲ್ಲ’ ಎಂದಮೇಲೆ ಸುಮ್ಮನಾಗಬೇಕು. ತಿಕೋಟಾದವನ ಕೋಡು ಸುಮ್ಮನಾಗುತ್ತಿರಲಿಲ್ಲ. ನಮ್ಮ ಎರಡೂ ಆಪ್‌ಗಳಿಗೆ ಹವಾಮಾನದ ನಕ್ಷೆ ಕೊಡುವ ಬೇರೆ ಕಂಪನಿಯ ಸರ್ವರಿಗೆ ಬೆಳಗ್ಗಿನಿಂದ ಸಂಜೆವರೆಗೆ ಅದೇ ಪ್ರಶ್ನೆ.

ಇದನ್ನು ಅವನಿಗೆ ತಿಳಿಸಿ ಹೇಳುತ್ತಿದ್ದದ್ದು ನಮ್ಮ ಮನೆಯಲ್ಲಿ, ಊಟದ ಹೊತ್ತಿನಲ್ಲಿ. ನನ್ನ ಅವ್ವ ಅವನನ್ನು ಆಗಾಗ ಊಟಕ್ಕೆ ಕರೆಯುತ್ತಾಳೆ, ನನ್ನನ್ನು ಕೇಳದೆ. ಅವನು “ಸಾಕ್ರಿ ಅವ್ವಾರ” ಎಂದು ತಾಟಿಗೆ ಎರಡೂ ಕೈ ಅಡ್ಡ ಹಿಡಿದ. ಅವ್ವ ಅವನ ಬೆರಳ ಸಂದಿಯಲ್ಲೇ ರೊಟ್ಟಿ ತೂರಿಸಿದಳು. ಅವನು ನನ್ನ ಕಡೆ ತಿರುಗಿ, “ನೋಡಕ್ಕಾ, ನಮ್ಮ ಕಡೆ ಮೊದಲ ಸಲ ಒಲ್ಲೆ ಅಂದದ್ದನ್ನ ಯಾರರ ನಂಬತಾರೇನು? ಸರ್ವರ್‌ಗೂ ಸಂಕೋಚ ಇರತೈತಿ” ಎಂದ. ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾನು ಇನ್ನೊಂದು ರೊಟ್ಟಿ ಕೇಳಿದರೆ, “ಎದ್ದು ಹಾಕ್ಕೊ” ಎಂದಳು.

ಮೂರನೇ ದಿನ ಆ ಕಂಪನಿ ನಮ್ಮ ಇಡೀ ಆಫೀಸನ್ನೇ ತಡೆಹಿಡಿಯಿತು. ಅಲ್ಲಿಂದ ಫೋನು ಬಂತು, ದನಿ ಕೆಂಡದಂತಿತ್ತು. ನಾನು ಸಂತೋಷದಿಂದ ಫೋನನ್ನು ಅವನ ಕೈಗೆ ಕೊಟ್ಟು, ಸ್ಪೀಕರ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿದೆ.

“ಯಾರ್ರಿ ಇದನ್ನ ಬರದಾವ್ರು?”

“ನಾನ್ರಿ. ತಿಕೋಟಾದಾವ್ರಿ.”

“ತಿಕೋಟಾದಾಗ ಯಾರ ಪೈಕಿ?” ಆ ಕಡೆಯ ದನಿ ಬೇರೆಯಾಗಿತ್ತು. ಆ ಮನುಷ್ಯ ಮಮದಾಪುರದವನು. ಅವನ ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದರು, ಇವನ ಮನೆಯ ಎದುರಿಗೇ. ಫೋನು ಇಡುವಷ್ಟರಲ್ಲಿ ಒಬ್ಬರಿಗೊಬ್ಬರು ‘ಮಾಮಾ’ ಆಗಿದ್ದರು. ತಡೆ ತೆಗೆದದ್ದಷ್ಟೇ ಅಲ್ಲ, “ಎಷ್ಟ ಸಲ ಬೇಕಾದ್ರೂ ಕೇಳ್ರಿ ಮಾಮಾ, ಇದು ನಿಮ್ಮ ಸರ್ವರ್ ಅಂತ ತಿಳೀರಿ” ಎಂದ.

ಸಂಜೆ ನನ್ನ ಆಪ್‌ನಿಂದ ಒಂದೇ ಒಂದು ಸಲ ನಕ್ಷೆ ಕೇಳಿ ನೋಡಿದೆ. ‘ನಿಮಗೆ ಅನುಮತಿ ಇಲ್ಲ’ ಎಂದು ಬಂತು. ತಡೆ ತೆಗೆದದ್ದು ಅವನ ಆಪ್‌ಗೆ ಮಾತ್ರ.

ಬಬಲೇಶ್ವರದ ಸಭೆ

ಕೊನೆಗೂ ಆ ದಿನ ಬಂತು. ನನ್ನದೇ ಊರು, ತುಂಬಿದ ಸಭಾಭವನ, ಎಲ್ಲರೂ ಗಂಡಸರು. ಬೆಳೆಗಾರರ ಸಂಘದ ಅಧ್ಯಕ್ಷರು ನನ್ನದೊಂದು ಅವನದೊಂದು ಮೊಬೈಲನ್ನು ಮೈಕಿನ ಮುಂದೆ ಇಟ್ಟರು. ನಮ್ಮ ಮಾಲೀಕರು ಉತ್ಸಾಹ ತಡೆಯಲಾರದೆ, “ಎಲ್ಲಾರೂ ನಿಮ್ಮ ನಿಮ್ಮ ಮೊಬೈಲ್‌ನ್ಯಾಗೂ ಒತ್ರಿ!” ಎಂದು ಕೂಗಿದರು. ಇಡೀ ಭವನ ಒಟ್ಟಿಗೇ ಒತ್ತಿತು. ಊರಿನ ನೆಟ್‌ವರ್ಕು ಕುಸಿದು ಕೂತಿತು.

ಅವನ ಮೊಬೈಲಿನಲ್ಲಿ ‘ಪೂರ್ತಿ ಆತ್ರಿ! ಅಭಿನಂದನೆ!’ ಎಂದು ಬಣ್ಣದ ಹೂಮಳೆ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಫೈಲು ತೆರೆದರು. ಮೈಕಿನಲ್ಲಿ ಉಸಿರೂ ಇಲ್ಲ. ಅವನ ಆಪ್ ಇದ್ದ ಮೊಬೈಲುಗಳಲ್ಲೆಲ್ಲ ಹೂಮಳೆ, ಯಾವುದರಲ್ಲೂ ದನಿಯಿಲ್ಲ.

ಆ ಕೆಂಪು ‘ವಿಫಲ’ವನ್ನು ನಾನು ಆಗಲೇ ತೆಗೆದಿದ್ದೆ. ನನ್ನದರಲ್ಲಿ ಬಂದದ್ದು: ‘ಅರ್ಧ ಬಂದಿದೆ. ನೆಟ್‌ವರ್ಕ್ ಹೋಗಿದೆ. ಬಂದ ಕೂಡಲೇ ಉಳಿದರ್ಧ ತರುತ್ತೇನೆ.’ ಚಹಾ ಹಂಚಿ ಮುಗಿಯುವ ಹೊತ್ತಿಗೆ ನೆಟ್‌ವರ್ಕು ಬಂತು. ಯಾರೂ ಮುಟ್ಟದೆ ನನ್ನ ಮೊಬೈಲು ಉಳಿದರ್ಧ ತಂದು, ಮಾಲೀಕರ ಇಡೀ ಭಾಷಣವನ್ನು ಮೈಕಿನಲ್ಲಿ ಹೇಳಿತು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು, “ಈ ತಂಗೀದು ಖರೇ ಹೇಳತೈತ್ರಿ. ನಮಗ ಇದ ಬೇಕು” ಎಂದರು. ಮಾಲೀಕರು ಅಲ್ಲೇ ಘೋಷಿಸಿದರು: ತಂಡಕ್ಕೆ ಮುಖ್ಯಸ್ಥೆ ನಾನು! ನನ್ನ ಕಾಲು ನೆಲದ ಮೇಲಿರಲಿಲ್ಲ.

ಇನ್ನು ಸನ್ಮಾನ. ಸಂಘದವರು ಗೆದ್ದವರ ತಲೆಗೆ ಸುತ್ತಲೆಂದು ಜರಿಯಂಚಿನ ಪಟಕಾ ತಂದಿದ್ದರು. ಪಟಕಾ ಹಿಡಿದವರು ನನ್ನನ್ನು ನೋಡಿ ನಿಂತುಬಿಟ್ಟರು.

“ಹೆಣ್ಮಗಳಿಗೆ ಪಟಕಾ ಹೆಂಗ ಸುತ್ತೂದ್ರಿ? ಉಡಿ ತುಂಬಬೇಕು.”

“ಉಡಿ ತುಂಬಾಕ ಇಲ್ಲಿ ಹೆಣ್ಮಕ್ಕಳು ಎಲ್ಲಿ ಅದಾರ?”

“ತಂದ ಪಟಕಾ ಹಂಗ ತಿರುಗಿ ಒಯ್ಯಬಾರದ್ರಿ, ಛಲೋ ಅಲ್ಲ.”

ಎಲ್ಲರೂ ಸುತ್ತಮುತ್ತ ನೋಡಿದರು. ತಿಕೋಟಾದವನು ಸೋತು ಮಾರಿ ಸಣ್ಣದು ಮಾಡಿ ನಿಂತಿದ್ದ. “ತಮ್ಮಾ, ನಿಮ್ಮ ಅಕ್ಕನ ಪರವಾಗಿ ನೀ ಸುತ್ತಸ್ಕೊ ಬಾ” ಎಂದು ಎಳೆತಂದು, ಅವನ ತಲೆಗೆ ಸುತ್ತಿ, ಹಾರ ಹಾಕಿ, ನಡುವೆ ನಿಲ್ಲಿಸಿ ಫೋಟೋ ಹೊಡೆದರು. ನಾನು ತುದಿಗೆ ನಿಂತಿದ್ದೆ, ಅವನ ಚಹಾದ ಕಪ್ಪು ಹಿಡಿದುಕೊಂಡು.

ಅವ್ವನಿಗೆ ನಾನೇ ಬಾಯಾರೆ ಹೇಳಬೇಕೆಂದು ಓಡುತ್ತ ಮನೆಗೆ ಬಂದೆ. ಅವಳು ಕಟ್ಟೆಯ ಮೇಲೆ ಕೂತು ಮೊಬೈಲು ನೋಡುತ್ತಿದ್ದಳು. ಅವನು ಫೋಟೋ ಆಗಲೇ ಕಳಿಸಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅವನ ಪಟಕಾವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು.

“ನೋಡ, ಹುಡುಗ ಎಷ್ಟ ಛಂದ ಕಾಣ್ತಾನ! ನೀ ಯಾಕ ಮಾರಿ ಗಂಟ ಹಾಕ್ಕೊಂಡು ನಿಂತೀಬೇ? ಮಂದಿ ಗೆದ್ದಾಗ ಇಷ್ಟ ಹೊಟ್ಟಿಕಿಚ್ಚ ಪಡಬಾರದು.”